ಮಹಾಶ್ವೇತಾ ಮೇಡಂ ಬರೆದ ಮಂಗೋಲ್ ನೋಟ್ಸ್

ಪಕ್ಕದ ಮನೆಯ ಮಹಾಶ್ವೇತಾ ಭಾನುವಾರ ಬೆಳಿಗ್ಗೆ ಮನೆಯ ಅಷ್ಟೂ ಹಾಸಿಗೆಗಳ ಬೆಡ್‌ಶೀಟು ಒಗೆದು ಹಿತ್ತಲಿನ ತಂತಿಗೆ ಹಾಕುತ್ತಾಳೆ. ಆ ಹಾಸಿಗೆಗಳಲ್ಲಿ ಜನ ಮಲಗುವುದು ಒಂದರ ಮೇಲೆ ಮಾತ್ರ, ಅದೂ ಆಕೆಯೇ. ಯಾರೂ ಮಲಗದ ಹಾಸಿಗೆಯ ಬಟ್ಟೆ ಯಾಕಮ್ಮ ಒಗೀತೀಯ ಎಂದು ಒಮ್ಮೆ ಬೇಲಿಯ ಮೇಲಿಂದ ಕೇಳಿದ್ದೆ. "ಧೂಳ ಕೂಡ್ತೈತಲ್ರಿ ಜಯಕ್ಕ," ಅಂದಳು. ಮೆಲ್ಬರ್ನಿನ ಅಂಚಿನ ನಮ್ಮ ಪಾಯಿಂಟ್ ಕುಕ್ಕಿನ ಗಾಳಿಗೆ ಧೂಳು ಕೂಡುವುದು ನಿಜವೇ. ಆದರೆ ಮಗಳು ಗಾನವಿಯ ಹಳದಿ ಹೂವಿನ ಬೆಡ್‌ಶೀಟಿಗೆ ಉಳಿದವುಗಳಿಗಿಂತ ಜಾಸ್ತಿ ಕ್ಲಿಪ್ಪು ಹಾಕುತ್ತಿದ್ದಳು, ಅದೊಂದು ಹಾರಿ ಹೋಗಬಾರದೆಂದು.

ನಮ್ಮ ಕನ್ನಡ ಸಂಘದ ಹೆಂಗಸರು ಆಕೆಯನ್ನು ಅದೃಷ್ಟವಂತೆ ಅನ್ನುತ್ತಾರೆ. ಮಗಳು ಸಿಡ್ನಿಯಲ್ಲಿ, ಜಾಣರನ್ನಷ್ಟೇ ಆರಿಸಿಕೊಳ್ಳುವ ಸೆಲೆಕ್ಟಿವ್ ಸ್ಕೂಲಿನಲ್ಲಿ ಓದುತ್ತಾಳೆ, ಗಂಡ ಶಶಿಧರನಿಗೆ ಅಲ್ಲೇ ಕೆಲಸ, ಅತ್ತೆ ಗಿರಿಜವ್ವ ಅಲ್ಲಿ ಅಡುಗೆ ಮನೆ ಎಲ್ಲ ನೋಡಿಕೊಳ್ಳುತ್ತಾರೆ, ಇವಳಿಗೆ ಇಲ್ಲಿ ಹೇಳುವವರಿಲ್ಲ ಕೇಳುವವರಿಲ್ಲ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೇಳುವವರು ಕೇಳುವವರು ಇಲ್ಲದಿರುವುದು ಅದೃಷ್ಟವಾದರೆ ನಮ್ಮ ಬೀದಿಯ ಲೈಟುಕಂಬವೇ ಎಲ್ಲರಿಗಿಂತ ಅದೃಷ್ಟವಂತ.

ಮಹಾಶ್ವೇತಾ ಧಾರವಾಡದವಳು. ಅಲ್ಲಿ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರ್ ಆಗಿದ್ದಳು. ಆಕೆಯ ಪಾಠಕ್ಕಿಂತ ಆಕೆಯ ನೋಟ್ಸಿಗೇ ಹೆಸರಂತೆ. ಪೀಠಿಕೆ, ಕಾರಣಗಳು, ಪರಿಣಾಮಗಳು, ಉಪಸಂಹಾರ ಎಂದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದ ತಲೆಬರಹಗಳು, ಅದರ ಕೆಳಗೆ ಮುತ್ತು ಪೋಣಿಸಿದಂಥ ಅಕ್ಷರ. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಬೇರೆ ಕಾಲೇಜಿನ ಹುಡುಗರೂ ಬಂದು, "ಮಹಾಶ್ವೇತಾ ಮೇಡಂ ನೋಟ್ಸ್ ಐತೇನ್ರಿ," ಎಂದು ಕೇಳುತ್ತಿದ್ದರಂತೆ. ನಮ್ಮ ಕಡೆ ನೋಟ್ಸ್ ಬರೆಸುವುದನ್ನು ಯಾರೂ ಮೋಸ ಅನ್ನುವುದಿಲ್ಲ. ಹುಡುಗರ ಮೇಲೆ ಕಾಳಜಿ ಇರುವ ಮೇಷ್ಟರು ನೋಟ್ಸ್ ಕೊಡುತ್ತಾರೆ, ಇಲ್ಲದವರು ಪುಸ್ತಕ ನೋಡಿಕೊಳ್ಳಿ ಎಂದು ಕೈ ತೊಳೆದುಕೊಳ್ಳುತ್ತಾರೆ. ನಾನು ಮೈಸೂರಿನಲ್ಲಿ ಪಾಸಾದದ್ದೂ ಇಂಥ ಯಾರದೋ ನೋಟ್ಸಿನ ಪುಣ್ಯದಿಂದಲೇ.

ಮೆಲ್ಬರ್ನಿಗೆ ಬಂದ ಮೇಲೆ ಆಕೆ ಮತ್ತೆ ಓದಿ, ಪರೀಕ್ಷೆ ಬರೆದು ಟೀಚರ್ ಆದಳು. ಆದರೆ ಸ್ವಂತ ಕ್ಲಾಸು ಸಿಗಲಿಲ್ಲ, ರಿಲೀಫ್ ಟೀಚರ್ ಕೆಲಸವೇ ಗಟ್ಟಿಯಾಯಿತು. ಯಾರಿಗೋ ಜ್ವರ ಬಂದರೆ ಬೆಳಗಿನ ಜಾವ ಫೋನು ಬಡಿದುಕೊಳ್ಳುತ್ತದೆ. ಇವತ್ತು ವೆರಿಬೀ, ನಾಳೆ ಮೆಲ್ಟನ್, ನಾಳಿದ್ದು ಎಲ್ಲೂ ಇಲ್ಲ. ಮರಗೆಲಸದ ಕ್ಲಾಸಿಗೆ ಹೋಗಿದ್ದಾಳೆ, ಆಟದ ಮೈದಾನದಲ್ಲಿ ಸೀಟಿ ಊದಿದ್ದಾಳೆ. ಇತಿಹಾಸ ಮಾತ್ರ ಯಾವತ್ತೂ ಬರಲಿಲ್ಲ. ಸ್ಟಾಫ್‌ರೂಮಿನಲ್ಲಿ ಎಲ್ಲರ ಹೆಸರಿನ ಮಗ್ಗುಗಳು ಕೊಕ್ಕೆಗೆ ನೇತಾಡುತ್ತಿರುತ್ತವೆ. ಯಾರ ಮಗ್ಗು ಮುಟ್ಟಿದರೆ ಏನಾಗುವುದೋ ಎಂದು ಈಕೆ ತನ್ನ ಮಗ್ಗನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಒಯ್ಯುತ್ತಾಳೆ, ಸಂಜೆ ವಾಪಸು ತರುತ್ತಾಳೆ.

ಗಾನವಿ ಆರನೇ ಕ್ಲಾಸಿನಲ್ಲಿದ್ದಾಗ ಸಿಡ್ನಿಯ ಸೆಲೆಕ್ಟಿವ್ ಸ್ಕೂಲಿನ ಪರೀಕ್ಷೆ ಬರೆದಳು. ಶಶಿಧರನ ಕಂಪನಿ ಅವನನ್ನು ಹೇಗೂ ಸಿಡ್ನಿಗೆ ಕರೆಯುತ್ತಿತ್ತು. ಮಗಳಿಗೆ ಸೀಟು ಸಿಕ್ಕಿದ್ದೇ ತಡ, ಎಲ್ಲವೂ ತಾನಾಗಿಯೇ ತೀರ್ಮಾನವಾದಂತೆ ಆಯಿತು. ಅಪ್ಪ, ಮಗಳು, ಅಜ್ಜಿ ಸಿಡ್ನಿಯ ಹ್ಯಾರಿಸ್ ಪಾರ್ಕಿನ ಒಂದು ಫ್ಲ್ಯಾಟಿಗೆ ಹೋಗುವುದು, ಮಹಾಶ್ವೇತಾ ಇಲ್ಲಿ ಮನೆ ನೋಡಿಕೊಂಡು, ಪರ್ಮನೆಂಟ್ ಕೆಲಸ ಸಿಗುವ ತನಕ ಇರುವುದು. ಸೀಟು ಸಿಕ್ಕಿದ ಸಂಜೆ ಅವರ ಮನೆಯಲ್ಲಿ ಊಟವಿತ್ತು, ನಾವೂ ಹೋಗಿದ್ದೆವು. ಗಾನವಿ ಟೇಬಲ್ಲಿನ ತುದಿಯಲ್ಲಿ ಕೂತು ಹೋಳಿಗೆಯನ್ನು ಚೂರು ಚೂರು ಮಾಡುತ್ತಿದ್ದಳು. ಎಲ್ಲರೂ ಅವಳ ತಲೆ ಸವರಿದರು. "ಎಷ್ಟ ಮಂದಿ ಬರದಿದ್ರು ಗೊತ್ತೈತೇನು? ಅದ್ರಾಗ ನಿನ್ನ ಆರಿಸ್ಯಾರ. ನೀ ಭಾಳ ಲಕ್ಕಿ," ಎಂದಳು ಮಹಾಶ್ವೇತಾ. ಹುಡುಗಿ ಥ್ಯಾಂಕ್ಯೂ ಅಂದಳು.

ಮೊದಮೊದಲು ದಿನಾ ವಿಡಿಯೋ ಕಾಲ್ ಇರುತ್ತಿತ್ತು. ಈಕೆ ಕನ್ನಡದಲ್ಲಿ ಕೇಳುವಳು, ಅವಳು ಇಂಗ್ಲಿಷಿನಲ್ಲಿ ಹೇಳುವಳು. ಅದು ಇಲ್ಲಿನ ಎಲ್ಲ ಮನೆಗಳ ಕಥೆ. ಆದರೆ ದಿನ ಕಳೆದಂತೆ ಉತ್ತರಗಳು ಒಂದೊಂದೇ ಶಬ್ದಕ್ಕೆ ಇಳಿದವು. ಸ್ಕೂಲ್ ಹೆಂಗಿತ್ತು ಅಂದರೆ ಗುಡ್. ಊಟ ಆತೇನು ಅಂದರೆ ಯಾ. ಆಮೇಲೆ ಫೋನು ಅಜ್ಜಿಯ ಕೈಗೆ ಹೋಗುತ್ತಿತ್ತು. ಗಿರಿಜವ್ವ ಮಾತ್ರ ಬಾಯಿ ತುಂಬ ಮಾತಾಡುವವರು. ಯಾವ ಅಂಗಡಿಯಲ್ಲಿ ಜೋಳದ ಹಿಟ್ಟು ಬಂದಿದೆ, ಯಾವ ರೈಲಿನಲ್ಲಿ ಯಾರು ಸಿಕ್ಕರು, ಎಲ್ಲ ಹೇಳುತ್ತಿದ್ದರು. ಮಹಾಶ್ವೇತಾ ಹೂಂಗುಟ್ಟುತ್ತ, ಅತ್ತೆಯ ಹೆಗಲಿನ ಹಿಂದೆ ಕಾಣುವ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

ಗಾನವಿ ಎಂಟನೇ ಕ್ಲಾಸಿಗೆ ಬಂದಾಗ, ಈ ವರ್ಷದ ಚಳಿ ಶುರುವಾಗುವ ಹೊತ್ತಿಗೆ, ಮಂಗೋಲರು ಬಂದರು.

ಇಲ್ಲಿ ಎಂಟನೇ ಕ್ಲಾಸಿನ ಇತಿಹಾಸದಲ್ಲಿ ಕೆಲವು ಶಾಲೆಗಳು ಮಂಗೋಲ್ ಸಾಮ್ರಾಜ್ಯದ ಪಾಠ ತೆಗೆದುಕೊಳ್ಳುತ್ತವೆ. ಮಂಗೋಲರ ಆಳ್ವಿಕೆಯಿಂದ ಅವರು ಗೆದ್ದ ನಾಡುಗಳಲ್ಲಿ ಏನೇನಾಯಿತು ಎಂಬುದರ ಮೇಲೆ ಅಸೈನ್‌ಮೆಂಟ್. ಗಾನವಿ ತಾನಾಗಿಯೇ ಫೋನು ಮಾಡಿ, ನಿನಗೆ ಇದು ಗೊತ್ತಲ್ಲ ಎಂದು ಕೇಳಿದಳಂತೆ. ಅವತ್ತು ಮಹಾಶ್ವೇತಾ ಗೇಟು ತೆಗೆಯುವಷ್ಟೂ ತಾಳ್ಮೆಯಿಲ್ಲದೆ ಬೇಲಿಯ ಸಂದಿಯಿಂದಲೇ ಕೂಗಿ ನನಗೆ ಹೇಳಿದಳು. ಆಕೆಯ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ನಾನು ಚೈಲ್ಡ್‌ಕೇರಿನ ಅಡುಗೆಯವಳು. ಇತಿಹಾಸಕ್ಕೂ ನನಗೂ ಎಣ್ಣೆ ಸೀಗೆಕಾಯಿ ನಂಟು. ಆದರೂ ಆ ಕೆಲವು ವಾರ ಸಂಜೆಯ ಚಹಾಕ್ಕೆ ಬಂದು ಆಕೆ ನನ್ನ ಅಡುಗೆಮನೆಯಲ್ಲಿ ಮಂಗೋಲರ ಕುದುರೆ ಓಡಿಸಿದ್ದೇ ಓಡಿಸಿದ್ದು. ಬಾಗ್ದಾದು ಹಾಳಾದದ್ದು, ಖುರಾಸಾನದಲ್ಲಿ ಕಾಲುವೆಗಳು ಕೆಟ್ಟು ಹೊಲಗಳು ಬೀಳುಬಿದ್ದದ್ದು, ಅದೇ ಜನ ಆಮೇಲೆ ದಾರಿಯುದ್ದಕ್ಕೂ ಟಪ್ಪಾಲಿನ ಕುದುರೆಗಳನ್ನು ಕಟ್ಟಿ, ಚೀನಾದ ಸರಕು ಪರ್ಷಿಯಾಕ್ಕೆ ಹೋಗುವಂತೆ ಮಾಡಿದ್ದು. "ಕೆಡಿಸಿದವ್ರೂ ಅವ್ರ, ಕಟ್ಟಿದವ್ರೂ ಅವ್ರ, ಜಯಕ್ಕ. ಎರಡೂ ಬರದ್ರ ಫುಲ್ ಮಾರ್ಕ್ಸ್," ಎಂದಳು. ಹಾಳಾದ ಊರಿನವನಿಗೆ ಆ ದಾರಿಯಿಂದ ಏನು ಬಂತು ಎಂದು ನಾನು ಕೇಳಿದೆ. ಆಕೆ ನಕ್ಕು, ನೀವೂ ಗಾನವಿ ಥರಾನೇ ಕೇಳಾಕತ್ತೀರಿ ಅಂದಳು.

ಗಾನವಿಗೆ ಹಿಡಿಸಿದ್ದು ಹೆರಾತಿನ ನೇಕಾರರ ಕಥೆ. ಹೆರಾತ್ ಈಗಿನ ಅಫ್ಘಾನಿಸ್ತಾನದಲ್ಲಿದೆ. ಮಂಗೋಲರು ಆ ಊರನ್ನು ಮೊದಲ ಸಲ ಹಿಡಿದಾಗ ಜರಿ ಬಟ್ಟೆ ನೇಯುವವರನ್ನು ಬೇರೆ ಮಾಡಿ, ಬೆಟ್ಟ ಮರುಭೂಮಿ ದಾಟಿಸಿ, ಬೆಶ್‌ಬಾಲಿಕ್ ಎಂಬ ದೂರದ ಊರಿಗೆ ಸಾಗಿಸಿದರು. ಅದು ಈಗ ಚೀನಾದಲ್ಲಿದೆ. ಉಳಿದವರು ಹೆರಾತಿನಲ್ಲೇ ಇದ್ದರು. ಮರುವರ್ಷ ಊರು ತಿರುಗಿಬಿತ್ತು, ಆಗ ಮಂಗೋಲರು ಬಂದು ಅಲ್ಲಿ ನರಪಿಳ್ಳೆಯನ್ನೂ ಬಿಡದಂತೆ ಕೊಂದರು. ಹಳೆಯ ಪರ್ಷಿಯನ್ ಚರಿತ್ರೆಕಾರ ಹೇಳುವ ಪ್ರಕಾರ, ಬೆರಳೆಣಿಕೆಯ ಜನ ಪಾಳುಬಿದ್ದ ಮಸೀದಿಯ ಗುಮ್ಮಟದ ಕೆಳಗೆ ಉಳಿದುಕೊಂಡಿದ್ದರಂತೆ. ಎಷ್ಟೋ ವರ್ಷದ ಮೇಲೆ ಖಾನನ ಅಪ್ಪಣೆ ಸಿಕ್ಕಿ ಕೆಲವು ನೇಕಾರರು ವಾಪಸು ಬಂದರು. ಎತ್ತುಗಳಿಲ್ಲದೆ ತಾವೇ ನೊಗಕ್ಕೆ ಹೆಗಲು ಕೊಟ್ಟು ಉತ್ತರಂತೆ.

ನನಗೆ ಇದನ್ನು ಕೇಳುತ್ತ ಕೇಳುತ್ತ ಒಂದು ಥರ ಆಯಿತು. ನಿನಗೇನು ಬರುತ್ತದೆ ಎಂದು ಕೇಳಿ ಆರಿಸಿಕೊಳ್ಳುವುದು ನಮಗೇನು ಹೊಸದೇ? ಪಿಆರ್‌ಗೆ ಅಂದರೆ ಇಲ್ಲಿ ಕಾಯಂ ಆಗಿ ಇರಲು ಅರ್ಜಿ ಹಾಕಿದ ನಾವೆಲ್ಲ ಆ ಸಾಲಿನಲ್ಲಿ ನಿಂತು ಬಂದವರೇ. ಒಂದೇ ವ್ಯತ್ಯಾಸ, ನಾವಾಗಿಯೇ ಹೋಗಿ ನಿಂತೆವು.

"ಆರಿಸಿಕೊಂಡ ಮಂದೀಗೆ ವಾಪಸ್ ಹೋಗಬೇಕನಸ್ತಿತ್ತೇನು ಅಂತ ಕೇಳಾಕತ್ತಾಳ್ರಿ," ಎಂದು ಮಹಾಶ್ವೇತಾ ಒಂದು ಸಂಜೆ ಹೇಳಿದಳು. "ಅದನ್ನ ಯಾರೂ ಬರದಿಟ್ಟಿಲ್ಲವಾ, ಅದಕ್ಕ ಮಾರ್ಕ್ಸ್ ಇರೂದಿಲ್ಲ, ಪರಿಣಾಮಗಳನ್ನ ಬರಿ ಅಂದೆ."

"ಅವಳೇನಂದ್ಲು?"

"ಓಕೆ ಅಂದ್ಲು."

ಆ ಭಾನುವಾರ ತಂತಿಯ ಮೇಲೆ ಬೆಡ್‌ಶೀಟು ಕಾಣಲಿಲ್ಲ. ಮಹಾಶ್ವೇತಾ ಇಡೀ ದಿನ ಕೂತು ನೋಟ್ಸ್ ತಯಾರು ಮಾಡಿದ್ದಳು. ಇಂಗ್ಲಿಷಿನಲ್ಲೇ, ಆದರೆ ಶೈಲಿ ಮಾತ್ರ ಝೆರಾಕ್ಸ್ ಅಂಗಡಿಯದೇ. ಪೀಠಿಕೆ, ರಾಜಕೀಯ ಪರಿಣಾಮ, ಆರ್ಥಿಕ ಪರಿಣಾಮ, ಸಾಮಾಜಿಕ ಪರಿಣಾಮ, ಉಪಸಂಹಾರ. ಹೆರಾತಿನ ನೇಕಾರರು ಸಾಮಾಜಿಕ ಪರಿಣಾಮದ ಕೆಳಗೆ ಒಂದು ಸಾಲಿನಲ್ಲಿ ಮುಗಿದಿದ್ದರು. ಕಳಿಸುವ ಮುಂಚೆ ನನಗೆ ಓದಿ ಹೇಳಿದಳು. ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಸ್ವಲ್ಪ ನಿನ್ನ ಮಾತಿನ್ಯಾಗ ಬದಲಿಸ್ಕೋ ಎಂದು ಮಗಳಿಗೆ ಕೆಳಗೆ ಬರೆದಿದ್ದಳು. ಆಮೇಲೆ ದಿನಾ ಫೋನಿನಲ್ಲಿ, ನೋಟ್ಸ್ ನೋಡಿದೆಯಾ, ಸಬ್ಮಿಟ್ ಮಾಡಿದೆಯಾ ಎಂದು ಕೇಳಿದ್ದೇ ಕೇಳಿದ್ದು.

ಗಾನವಿ ಒಂದಕ್ಷರವನ್ನೂ ಬದಲಿಸದೆ ಅದನ್ನೇ ಒಪ್ಪಿಸಿಬಿಟ್ಟಳು.

ಶಾಲೆಯವರಿಗೆ ಇದು ಹದಿಮೂರು ವರ್ಷದ ಹುಡುಗಿ ಬರೆದದ್ದಲ್ಲ ಎಂದು ಮೊದಲ ಪ್ಯಾರಾಕ್ಕೇ ಗೊತ್ತಾಯಿತು. ಮೇಲಾಗಿ ಅವರು ಕೇಳಿದ್ದೇ ಬೇರೆ. ಗೆದ್ದ ನಾಡಿನ ಯಾರಾದರೂ ಒಬ್ಬ ಸಾಧಾರಣ ಮನುಷ್ಯನಾಗಿ ನಿಂತು, ಬದುಕು ಹೇಗೆ ಬದಲಾಯಿತು ಎಂದು ಬರೆಯಬೇಕಿತ್ತು. ಅದನ್ನು ಗಾನವಿ ಹೇಳಿದ್ದಳೋ ಇಲ್ಲವೋ, ಮಹಾಶ್ವೇತಾಗೆ ಕೇಳಿಸಿರಲಿಲ್ಲ. ಪರಿಣಾಮಗಳು ಎಂಬ ಶಬ್ದ ಕಿವಿಗೆ ಬಿದ್ದೊಡನೆ ಆಕೆಯ ಕೈ ತಾನಾಗಿಯೇ ಗೆರೆ ಎಳೆಯಲು ಶುರುಮಾಡಿತ್ತು. ಸೊನ್ನೆ ಬಂತು, ಅಪ್ಪ ಅಮ್ಮ ಬಂದು ಕಾಣಬೇಕು ಎಂದು ಹೇಳಿಕಳಿಸಿದರು.

ಶಶಿಧರ ಕೂಗಾಡುವ ಜಾತಿಯಲ್ಲ. ಅವನ ಸಿಟ್ಟು ತಣ್ಣಗಿರುತ್ತದೆ. ಫೋನು ಸ್ಪೀಕರಿನಲ್ಲಿತ್ತು, ನಾನು ಅಲ್ಲೇ ಕೂತಿದ್ದೆ. "ನಿನ್ನ ನೋಟ್ಸ್ ಧಾರವಾಡದಾಗ ಬಿಟ್ಟು ಬರಬೇಕಾಗಿತ್ತು ಮಹಾ," ಅಂದ. "ಇಲ್ಲೆ ಅಕೀ ಮಾನ ಹೋತು. ಎರಡು ದಿನದಿಂದ ರೂಮಿನಿಂದ ಹೊರಗ ಬಂದಿಲ್ಲ."

ಮಹಾಶ್ವೇತಾ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ, "ಅಕೀನ್ನ ಇಲ್ಲಿಗೆ ಕರ್ಕೊಂಡು ಬರ್ತೀನಿ. ಸಾಕು ಆ ಸೆಲೆಕ್ಟಿವ್ ಸ್ಕೂಲು. ನನ್ನ ಕಣ್ಣಮುಂದ ಇರಲಿ," ಅಂದಳು.

ಶಶಿಧರ ವಾದ ಮಾಡಲಿಲ್ಲ. ಅವನೂ ಸೋತಿದ್ದನೋ ಏನೋ. "ಅಕೀ ಬರ್ತೀನಿ ಅಂದ್ರ ಕರ್ಕೊಂಡು ಹೋಗು," ಎಂದು ಫೋನಿಟ್ಟ.

ಮಹಾಶ್ವೇತಾಗೆ ಆ ಮಾತಿನ ಕಡೆಯ ಅರ್ಧ ಮಾತ್ರ ಕೇಳಿಸಿತು. ಮರುದಿನವೇ ಹೋಗಿ ನಮ್ಮ ಹತ್ತಿರದ ಹೈಸ್ಕೂಲಿನಲ್ಲಿ ವಿಚಾರಿಸಿ ಬಂದಳು, ರಜೆ ಮುಗಿದ ಮೇಲೆ ಸೇರಿಸಬಹುದು ಎಂದರು. ಗಾನವಿಯ ರೂಮಿಗೆ ಹೊಸ ಟೇಬಲ್ ಲ್ಯಾಂಪು ಬಂತು. ಏವಲಾನ್ ಏರ್‌ಪೋರ್ಟಿನಿಂದ ಸಿಡ್ನಿಗೆ ಒಂದು ಟಿಕೆಟ್ಟು, ಅಲ್ಲಿಂದ ವಾಪಸಿಗೆ ಅಕ್ಕಪಕ್ಕದ ಸೀಟಿನ ಎರಡು ಟಿಕೆಟ್ಟು ಬುಕ್ ಮಾಡಿದಳು. ಕಿಟಕಿಯದು ಗಾನವಿಗೆ.

"ಅವಳನ್ನ ಕೇಳಿದ್ಯಾ?" ಅಂದೆ.

"ಏನ ಕೇಳೂದ್ರಿ ಜಯಕ್ಕ. ಅಕೀ ಮನಿ ಇದು."

ಟರ್ಮಿನ ಕೊನೆಯ ಶುಕ್ರವಾರ ನಾನೇ ಆಕೆಯನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆ. ಭಾನುವಾರ ಮಧ್ಯಾಹ್ನ ಕರೆದುಕೊಂಡು ಬರಲು ಹೋದೆ. ಹುಡುಗಿಗೆ ಇಷ್ಟವೆಂದು ಬೆಳಿಗ್ಗೆ ಬಿಸಿಬೇಳೆಬಾತು ಮಾಡಿಟ್ಟಿದ್ದೆ, ಕಾರಿನ ಹಿಂದಿನ ಸೀಟಿನ ಸಾಮಾನೆಲ್ಲ ಡಿಕ್ಕಿಗೆ ಹಾಕಿದ್ದೆ. ಏವಲಾನಿನಲ್ಲಿ ಸುತ್ತಲೂ ಬರೀ ಬಯಲು, ದೂರದಲ್ಲಿ ಯೂ ಯಾಂಗ್ಸ್ ಗುಡ್ಡ, ಜುಲೈ ತಿಂಗಳ ಚಳಿಗಾಲದ ಗಾಳಿ ಮುಖಕ್ಕೆ ರಾಚುತ್ತಿತ್ತು. ಜನ ಹೊರಗೆ ಬರತೊಡಗಿದರು. ಮಹಾಶ್ವೇತಾ ಎಲ್ಲರಿಗಿಂತ ಕೊನೆಗೆ ಬಂದಳು. ಹಿಂದೆ ಯಾರಾದರೂ ಬರುತ್ತಾರೇನೋ ಎಂದು ನಾನು ಬಾಗಿಲಿನತ್ತ ಇನ್ನೂ ನೋಡುತ್ತಿದ್ದೆ. "ನಡೀರಿ ಜಯಕ್ಕ," ಎಂದು ಆಕೆಯೇ ನನ್ನ ಕೈ ಹಿಡಿದು ಎಳೆದಳು.

ಕಾರಿನಲ್ಲಿ, ಫ್ರೀವೇ ಹಿಡಿದ ಮೇಲೆ, ಆಕೆ ಹೇಳಿದ್ದು ಇಷ್ಟು.

ಶಾಲೆಯ ಇತಿಹಾಸದ ಟೀಚರ್ ಚಿಕ್ಕ ವಯಸ್ಸಿನ ಹೆಂಗಸು, ಒಳ್ಳೆಯವಳು. ಮಹಾಶ್ವೇತಾ ಹೋದಕೂಡಲೇ, ತಪ್ಪು ನನ್ನದು, ಸೊನ್ನೆ ನನಗೆ ಹಾಕಿ ಎಂದಳಂತೆ. ಆ ಟೀಚರ್ ನಗಲೂ ಇಲ್ಲ, ಬೈಯಲೂ ಇಲ್ಲ. ಗಾನವಿಗೆ ಇನ್ನೊಮ್ಮೆ ಒಪ್ಪಿಸಲು ಅವಕಾಶ ಕೊಟ್ಟಿದ್ದೆವು, ಅವಳು ಇದನ್ನು ಕೊಟ್ಟಿದ್ದಾಳೆ, ನೀವೂ ಓದಿ ಎಂದು ಎರಡು ಹಾಳೆ ಮುಂದಿಟ್ಟಳು. ಗಾನವಿ ಪಕ್ಕದಲ್ಲೇ ಕೂತಿದ್ದಳು, ಸ್ವೆಟರಿನ ತೋಳನ್ನು ಬೆರಳಿನ ತುದಿಯವರೆಗೆ ಎಳೆದುಕೊಂಡು.

ಆ ಹಾಳೆಗಳ ಫೋಟೋವನ್ನು ಮಹಾಶ್ವೇತಾ ಆಮೇಲೆ ನನಗೆ ತೋರಿಸಿದಳು. ಹುಡುಗಿ ಇಂಗ್ಲಿಷಿನಲ್ಲಿ ಬರೆದದ್ದನ್ನು ನನಗೆ ತಿಳಿದಂತೆ ಕನ್ನಡದಲ್ಲಿ ಹೇಳುತ್ತೇನೆ.

"ನನ್ನ ಹೆಸರನ್ನು ಯಾರೂ ಬರೆದಿಡಲಿಲ್ಲ. ನಮ್ಮ ಊರು ಹೆರಾತ್. ನನ್ನಪ್ಪ ಜರಿ ಬಟ್ಟೆ ನೇಯುತ್ತಿದ್ದ. ಸೈನಿಕರು ನಮ್ಮನ್ನೆಲ್ಲ ಊರ ಹೊರಗಿನ ಬಯಲಿಗೆ ಕರೆದು ನಿಮಗೇನು ಬರುತ್ತದೆ ಎಂದು ಕೇಳಿದರು. ನೇಯುವವರು ಈ ಕಡೆ ಬನ್ನಿ ಎಂದರು. ಬಟ್ಟೆಯ ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುವುದು ನನ್ನ ಕೆಲಸ. ನನ್ನ ಬೆರಳು ಸಣ್ಣವು, ಅದಕ್ಕೆ ನನ್ನನ್ನೂ ಈ ಕಡೆ ನಿಲ್ಲಿಸಿದರು. ಅಮ್ಮನಿಗೆ ನೇಯಲು ಬರುತ್ತಿರಲಿಲ್ಲ. ಅಮ್ಮ ಆ ಕಡೆ ನಿಂತಳು. ನೀನು ಅದೃಷ್ಟವಂತೆ ಎಂದು ಅಮ್ಮ ಅಲ್ಲಿಂದಲೇ ಕೂಗಿ ಹೇಳಿದಳು.

"ಹೊಸ ಊರಿನಲ್ಲಿ ಊಟ ಚೆನ್ನಾಗಿತ್ತು. ಮಗ್ಗಗಳೂ ಚೆನ್ನಾಗಿದ್ದವು. ಮೊದಲ ವರ್ಷ ಅಮ್ಮನ ಮುಖ ದಿನಾ ನೆನಪಾಗುತ್ತಿತ್ತು. ಆಮೇಲೆ ನನಗೆ ಗೆಳತಿಯರು ಸಿಕ್ಕರು, ಅವರ ಭಾಷೆ ನನಗೆ ಬಂತು. ತುಂಬ ವರ್ಷದ ಮೇಲೆ ಒಬ್ಬರು ಬಂದು, ಈಗ ಹೆರಾತಿಗೆ ವಾಪಸ್ ಹೋಗಬಹುದು, ಬರುತ್ತೀಯಾ ಎಂದರು. ಯಾರಾದರೂ ನನ್ನನ್ನು ಕೇಳಿದ್ದು ಅದೇ ಮೊದಲ ಸಲ. ಯೋಚನೆ ಮಾಡಿ ಹೇಳುತ್ತೇನೆ ಎಂದೆ. ನನ್ನ ಯೋಚನೆ ಮುಗಿಯುವಷ್ಟರಲ್ಲಿ ಅವರು ಹೊರಟುಹೋಗಿದ್ದರು."

ಕೊಂಡಿ ಹಾಕುವ ಸಂಗತಿಯನ್ನು ಅಜ್ಜಿಯಿಂದ ಕೇಳಿ ತಿಳಿದುಕೊಂಡಿದ್ದಳಂತೆ. ಇಳಕಲ್ ಸೀರೆಯ ಮೈಗೂ ಸೆರಗಿಗೂ ಹಾಗೆಯೇ ಕೊಂಡಿ ಹಾಕುತ್ತಾರಲ್ಲ, ಗಿರಿಜವ್ವ ಉಟ್ಟ ಸೀರೆಯನ್ನೇ ಹಿಡಿದು ತೋರಿಸಿದ್ದರು.

ಇದನ್ನು ಯಾವಾಗ ಬರೆದೆ ಎಂದು ಮಹಾಶ್ವೇತಾ ಮಗಳನ್ನು ಕೇಳಿದಳು. ನೀನು ನೋಟ್ಸ್ ಕಳಿಸುವುದಕ್ಕಿಂತ ಮೊದಲೇ ಎಂದಳು ಗಾನವಿ. ಹಾಗಾದರೆ ಇದನ್ನೇ ಯಾಕೆ ಕೊಡಲಿಲ್ಲ?

"ಯು ವರ್ ಸೋ ಹ್ಯಾಪಿ, ಮಮ್ಮಿ," ಅಂದಳಂತೆ.

ಇಲ್ಲಿಯವರೆಗೆ ಹೇಳಿ ಮಹಾಶ್ವೇತಾ ಕಿಟಕಿಯ ಕಡೆಗೆ ತಿರುಗಿದಳು. ನನಗೆ ಅಳು ಒತ್ತರಿಸಿಕೊಂಡು ಬಂತು, ಆದರೆ ಪಕ್ಕದಲ್ಲಿ ಲಾರಿಗಳು ಭರ್ರೆಂದು ಹೋಗುತ್ತಿದ್ದವು, ಸ್ಟೀರಿಂಗು ಗಟ್ಟಿಯಾಗಿ ಹಿಡಿದುಕೊಂಡೆ. ಅಮ್ಮನ ಮುಖದ ಮೇಲಿನ ಒಂದು ನಗುವಿಗೋಸ್ಕರ ತಾನು ಬರೆದದ್ದನ್ನು ಮುಚ್ಚಿಟ್ಟು ಸೊನ್ನೆ ಹೊತ್ತುಕೊಂಡ ಆ ಮಗುವಿನ ಮೇಲೆ ಸಿಟ್ಟು ಬಂತು, ಮುದ್ದೂ ಬಂತು.

ಶನಿವಾರ ಸಂಜೆ ಹ್ಯಾರಿಸ್ ಪಾರ್ಕಿನಲ್ಲಿ ಗಿರಿಜವ್ವ ಜೋಳದ ಹಿಟ್ಟು ಕೊಳ್ಳಲು ಅಂಗಡಿಯೊಳಗೆ ಹೋದಾಗ, ತಾಯಿ ಮಗಳು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಬೀದಿ ತುಂಬ ಜನ, ಎದುರಿನ ಮಿಠಾಯಿ ಅಂಗಡಿಯಲ್ಲಿ ಜಿಲೇಬಿಗೆ ಸಾಲು. ಏರ್‌ಪೋರ್ಟಿಗೆ ಹೋಗುವಾಗ ಶುಕ್ರವಾರ ಮಹಾಶ್ವೇತಾ ನನ್ನ ಹತ್ತಿರ ಹೇಳಿಕೊಂಡದ್ದು, ಹೋದಕೂಡಲೇ ಬಟ್ಟೆ ತುಂಬಿಕೋ ಅಂತೀನಿ ಎಂದು. ಹೇಳಲಿಲ್ಲ. ಟಿಕೆಟ್ಟಿನ ಸುದ್ದಿಯನ್ನೂ ಎತ್ತಲಿಲ್ಲ. "ಗಾನವಿ, ನಿನಗ ಎಲ್ಲಿ ಇರಬೇಕನಸ್ತೈತಿ?" ಎಂದು ಕೇಳಿದಳು.

ಹುಡುಗಿ ಅಮ್ಮನ ಮುಖ ನೋಡಿದಳು.

"ನನ್ನ ಮಾರಿ ನೋಡಬ್ಯಾಡ," ಎಂದಳು ಮಹಾಶ್ವೇತಾ. "ಯೋಚನೆ ಮಾಡಿ ಹೇಳು. ನಿನ್ನ ಯೋಚನೆ ಮುಗಿಯೂತನ ನಾ ಹೊರಡೂದಿಲ್ಲ."

ಆ ಸಂಜೆ ಊಟದ ಹೊತ್ತಿಗೂ ಉತ್ತರ ಬರಲಿಲ್ಲ. ಮಹಾಶ್ವೇತಾ ಮತ್ತೆ ಕೇಳಲೂ ಇಲ್ಲ. ಕೇಳದೆ ಸುಮ್ಮನಿರುವುದು ಆಕೆಗೆ ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ಆ ಮನೆ ತನ್ನದಲ್ಲದಂತೆ, ಯಾವ ಡಬ್ಬಿಯಲ್ಲಿ ಏನಿದೆ ಎಂದು ಅತ್ತೆಯನ್ನು ಕೇಳಿ ಕೇಳಿ ಚಹಾ ಮಾಡಿದಳಂತೆ. ಶಶಿಧರ ಹಾಲಿನಲ್ಲಿ ಹಾಸಿಗೆ ಹಾಸಿಕೊಟ್ಟು, ಚಳಿ ಆದರೆ ಹೀಟರ್ ಹಾಕ್ಕೋ ಎಂದ.

ಭಾನುವಾರ ಬೆಳಿಗ್ಗೆ ಆಕೆ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಾಗ ಗಾನವಿ ಬಂದು ಪಕ್ಕದಲ್ಲಿ ಕೂತಳು. ಈ ನಾಡಿನ ಶಾಲೆಗೆ ಕಾಲಿಟ್ಟ ದಿನದಿಂದ ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ. ಶಬ್ದ ಹುಡುಕಿ ಹುಡುಕಿ, ಒಂದೊಂದನ್ನೇ ಕೆಳಗಿಟ್ಟ ಹಾಗೆ ಹೇಳಿದಳಂತೆ.

"ಮಮ್ಮಿ, ನಾ ಇಲ್ಲೇ ಇರ್ತೀನಿ. ಇಲ್ಲೇ ನನ್ನ ಫ್ರೆಂಡ್ಸ್ ಇದಾರ. ಅಜ್ಜಿ ಐತಿ. ನಿನ್ನ ಮ್ಯಾಲೆ ಸಿಟ್ಟಿಲ್ಲ."

"ಅಜ್ಜಿ ಐತಿ ಅಂದ್ಲು ನೋಡ್ರಿ. ಅಜ್ಜಿಗೆ ಅದಾಳ ಅನಬೇಕಲ್ರಿ," ಎಂದು ಮಹಾಶ್ವೇತಾ ಕಾರಿನಲ್ಲಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ತಿದ್ದಲಿಲ್ಲ ಮತ್ತ. ಆತು ಅಂದೆ. ರಜೆಯ ಎರಡನೇ ವಾರ ಬರ್ತೀನಿ ಅಂದಾಳ, ಒಂದು ವಾರ ಇದ್ದು ಹೋಗ್ತಾಳ. ಆತು ಅಂದೆ."

"ಟಿಕೆಟ್ ತಗೊಂಡಿದ್ದು ಹೇಳ್ಲಿಲ್ವಾ?"

"ಹೇಳಿದ್ರ ಬಂದಬಿಡ್ತಿದ್ಲು ಜಯಕ್ಕ. ನೋಟ್ಸ್ ಕೊಟ್ಟಾಗ ಹೆಂಗ ಮಾಡಿದ್ಲು, ಹಂಗ."

ಕೇಳದೆ ಕರೆತಂದಿದ್ದರೆ ಇವತ್ತು ನನ್ನ ಹಿಂದಿನ ಸೀಟಿನಲ್ಲಿ ಆ ಹುಡುಗಿ ಕೂತಿರುತ್ತಿದ್ದಳು, ಬಿಸಿಬೇಳೆಬಾತು ತಿನ್ನುತ್ತಿದ್ದಳು, ಕೇಳಿದ್ದಕ್ಕೆಲ್ಲ ಗುಡ್ ಅನ್ನುತ್ತಿದ್ದಳು. ಅದೇ ವಾಸಿಯಿತ್ತೇನೋ ಎಂದು ಒಂದು ಗಳಿಗೆ ನನಗೆ ಅನ್ನಿಸಿದ್ದು ಸುಳ್ಳಲ್ಲ. ನಾನು ಅಷ್ಟು ದೊಡ್ಡ ಮನಸ್ಸಿನವಳಲ್ಲ.

ಪಾಯಿಂಟ್ ಕುಕ್ಕಿನ ತಿರುವು ಬಂತು. ನಮ್ಮ ಬೀದಿಗೆ ಬಂದು ಆಕೆಯ ಮನೆಯ ಮುಂದೆ ಕಾರು ನಿಲ್ಲಿಸಿದೆ. ಹೋಗುವ ಮುಂಚೆ ಒಗೆದು ಹಾಕಿದ್ದ ಹಳದಿ ಹೂವಿನ ಬೆಡ್‌ಶೀಟು ಹಿತ್ತಲಿನ ತಂತಿಯ ಮೇಲೆ ಇನ್ನೂ ಪಟಪಟ ಹೊಡೆದುಕೊಳ್ಳುವುದು ಪಕ್ಕದ ಸಂದಿಯಿಂದ ಕಾಣುತ್ತಿತ್ತು. ಮಹಾಶ್ವೇತಾ ಇಳಿಯಲಿಲ್ಲ. ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಳು. ಏರ್‌ಪೋರ್ಟಿನಿಂದ ಇಲ್ಲಿಯವರೆಗೂ ಅದು ಆಕೆಯ ತೊಡೆಯ ಮೇಲೆಯೇ ಇತ್ತು ಎಂಬುದನ್ನು ನಾನು ಆಗ ಗಮನಿಸಿದೆ.

"ಪ್ಲೇನಿನ್ಯಾಗ ಬಾಜೂಕಿನ ಸೀಟು ಖಾಲಿ ಐತಿ, ಬ್ಯಾಗ್ ಅಲ್ಲೆ ಇಡ್ರಿ ಅಂತ ಆ ಏರ್‌ಹೋಸ್ಟೆಸ್ ಹುಡುಗಿ ಎರಡ ಸಲ ಬಂದು ಹೇಳಿದ್ಲು ಜಯಕ್ಕ," ಅಂದಳು. "ಕಿಟಕಿ ಸೀಟು. ನಾ ಇಡಲಿಲ್ಲ."